ಕದಲದ ಗುಂಡು

"ನಿಜ ಹೇಳಿದರೆ ಮನುಷ್ಯ ಮುರಿದು ಬೀಳುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಹದಿನಾಲ್ಕು ವರ್ಷದಿಂದ ಆ ಮಠದಲ್ಲಿದ್ದ ಶಿಷ್ಯ. ಗುರುಗಳಿಗೆ ವಯಸ್ಸಾಗಿತ್ತು. ಊರಿನವರು ಕಷ್ಟ ಹೇಳಿಕೊಂಡು ಬಂದರೆ ಈಚೆಗೆ ಅವನೇ ಕೂತು ಕೇಳುತ್ತಿದ್ದ, ತಿಳಿದದ್ದನ್ನು ಹೇಳುತ್ತಿದ್ದ.

"ಯಾರು ಮುರಿದು ಬಿದ್ದರು?" ಎಂದರು ಗುರುಗಳು.

"ನೇಕಾರರ ಕೇರಿಯ ಬನಪ್ಪ. ಹೋದ ತಿಂಗಳು ಅವನ ಹೆಂಡತಿ ಜ್ವರದಲ್ಲಿ ತೀರಿಕೊಂಡಳಲ್ಲ, ಆ ಬನಪ್ಪ. ಅವಳ ಕಾರ್ಯದ ಊಟಕ್ಕೆ ನಾನು ಹೋಗಿದ್ದೆ. ನೆಂಟರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಅವನು ಬಂದು ನನ್ನ ಕಾಲ ಬಳಿ ಕೂತ. 'ಅಯ್ಯನವರೇ, ನನ್ನಿಂದ ತಪ್ಪಾಯಿತಾ?' ಎಂದು ಕೇಳಿದ. ಆಯಿತು ಎಂದೆ. ಜ್ವರ ಬಂದ ನಾಲ್ಕನೆಯ ದಿನವೇ ಪಂಡಿತರನ್ನು ಕರೆಸಿದ್ದರೆ ಅವಳು ಉಳಿಯುತ್ತಿದ್ದಳು, ಪಂಡಿತರೇ ನನಗೆ ಹಾಗೆಂದರು, ನೀನು ಸೀರೆ ಮುಗಿಯಲಿ ಎಂದು ಮಗ್ಗ ಬಿಟ್ಟು ಏಳಲಿಲ್ಲ, ಕರೆಸಿದ್ದು ಒಂಬತ್ತನೆಯ ದಿನ ಎಂದೆ. ಕೇಳಿದ್ದಕ್ಕೆ ಹೇಳಿದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ."

"ಆಮೇಲೆ?"

"ಆರು ದಿನವಾಯಿತು. ನೀರು ಬಿಟ್ಟರೆ ಅವನು ಏನೂ ಮುಟ್ಟಿಲ್ಲ. ಮಗ್ಗದ ಗುಳಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ. ನೇಯುವುದಿಲ್ಲ, ಮಾತಾಡುವುದಿಲ್ಲ. ಇವತ್ತು ಅವನ ತಾಯಿ ಬಂದು ಮಠದ ಬಾಗಿಲಲ್ಲೇ ನಿಂತು ನನ್ನನ್ನು ಬೈದಳು. 'ಸೊಸೆಯನ್ನು ಜ್ವರ ಒಯ್ದಿತು, ಮಗನನ್ನು ನೀನು ಒಯ್ಯುತ್ತಿದ್ದೀಯ' ಎಂದಳು. ನಾನು ಮತ್ತೆ ಅವನ ಹತ್ತಿರ ಹೋಗಬೇಕೆ, ಬೇಡವೆ? ಹೋಗಿ ಏನು ಹೇಳಲಿ? ಮೊನ್ನೆ ಹೇಳಿದ್ದು ಸುಳ್ಳು ಎನ್ನಲೆ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಕೋಟೆಯಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದರು. ಅಣ್ಣ ಕೋವಿಗೆ ಹಾಕುವ ಮದ್ದು ಮಾಡುತ್ತಿದ್ದ. ತಮ್ಮ ಕೋವಿ ಹೊಡೆಯುತ್ತಿದ್ದ. ಮದ್ದು ಮಾಡುವುದು ಅವರ ಮನೆಯ ಕಸುಬು. ಕೋಟೆಯ ಹೊರಗೆ, ಮನೆಗಳಿಂದ ದೂರದಲ್ಲಿ, ಒಂದು ಹಾಸುಬಂಡೆಯ ಮೇಲೆ ಅವರು ಮದ್ದು ಅರೆಯುವ ಕಣವಿತ್ತು. ಆ ಕಣಕ್ಕೆ ಬರಿಗಾಲಿನಲ್ಲಿ ಹೋಗಬೇಕು. ಸೊಂಟದಲ್ಲಿ ಬೀಗದಕೈ ಕೂಡ ಇರಬಾರದು. ಕಲ್ಲಿಗೆ ಲೋಹ ತಾಗಿ ಒಂದು ಕಿಡಿ ಎದ್ದರೆ ಸಾಕು.

ಅಣ್ಣ ಮದ್ದನ್ನು ಮರದ ಸುತ್ತಿಗೆಯಲ್ಲಿ ಒಡೆದು ಜರಡಿ ಹಿಡಿಯುತ್ತಿದ್ದ. ಜೋಳದ ಕಾಳಿನಷ್ಟು ದಪ್ಪದ್ದು ತೋಪಿಗೆ. ನವಣೆಯಷ್ಟು ಗಾತ್ರದ್ದು ಉದ್ದ ಕೋವಿಗೆ. ಗಸಗಸೆಯಷ್ಟು ಸಣ್ಣದು ಸೊಂಟಕ್ಕೆ ಸಿಕ್ಕಿಸುವ ಗಿಡ್ಡ ಕೋವಿಗೆ. ಕಡೆಗೆ ಉಳಿದ ಹಿಟ್ಟು ಕಿಡಿ ಹಿಡಿಸುವುದಕ್ಕೆ. ಸರಕು ಒಂದೇ. ಕಾಳು ಮಾತ್ರ ಬೇರೆ. ಬೆಂಕಿ ಕಾಳನ್ನು ಹೊರಗಿನಿಂದ ಒಳಕ್ಕೆ ತಿನ್ನುತ್ತಾ ಹೋಗುತ್ತದೆ. ಕಾಳು ದಪ್ಪವಾದಷ್ಟೂ ಅದಕ್ಕೆ ಹೆಚ್ಚು ಹೊತ್ತು ಬೇಕು. ನಮ್ಮ ಕಣ್ಣಿಗೆ ಎರಡೂ ಒಂದೇ ಕ್ಷಣ. ಕೋವಿಗೆ ಹಾಗಲ್ಲ.

ಅವರ ಮನೆಗೆ ಒಂದು ಕಟ್ಟಳೆ ಇತ್ತು. ಹೊಸ ಮದ್ದು ಬಂದಾಗ ಮೊದಲ ಗುಂಡನ್ನು ಆ ಮನೆಯವನೇ, ಎಲ್ಲರ ಎದುರಿಗೆ, ಕೋವಿಗೆ ಕೆನ್ನೆ ಕೊಟ್ಟು ಹೊಡೆಯಬೇಕು. ಮದ್ದು ಮಾಡಿದವನು ಹಿಂದೆ ಹತ್ತು ಹೆಜ್ಜೆಯಲ್ಲಿ ನಿಂತಿರಬೇಕು. ಮದ್ದು ತುಂಬಿಡುವುದು ಕೊಂಬಿನಲ್ಲಿ, ಅಳೆಯುವುದು ಆ ಕೊಂಬಿನ ಮುಚ್ಚಳದಿಂದ. ಕೊಂಬಿನ ಮುಚ್ಚಳ ತೆರೆದ ಮೇಲೆ, ಗುಂಡು ಹೊಡೆದು ಆಗುವವರೆಗೆ, ಯಾರೂ ಮಾತಾಡಬಾರದು. ಅಳೆಯುವವನ ಲೆಕ್ಕ ತಪ್ಪಬಾರದು ಎಂದು ಹಾಗೆ.

ಒಂದು ವರ್ಷ ಕೋಟೆಗೆ ಮುತ್ತಿಗೆ ಬಿತ್ತು. ಶತ್ರು ಕೆರೆಯ ಆಚೆ, ಏರಿಯ ಮೇಲೆ ಕೂತ. ಕೋಟೆಯ ಹೆಂಗಸರು ನೀರಿಗೆ ಈಚೆ ದಡಕ್ಕೆ ಇಳಿಯಬೇಕು. ಬೇರೆ ನೀರಿಲ್ಲ. ಶತ್ರುವಿನ ಗುಂಡು ಈಚೆ ದಡವನ್ನು ಮುಟ್ಟುತ್ತಿತ್ತು. ಕೋಟೆಯವರ ಗುಂಡು ಏರಿಗೆ ಇನ್ನೂ ನಲವತ್ತು ಹೆಜ್ಜೆ ಇರುವಾಗಲೇ ನೀರಿಗೆ ಬೀಳುತ್ತಿತ್ತು. ಎಂಟು ದಿನದಲ್ಲಿ ಹನ್ನೊಂದು ಜನ ಕೊಡದ ಪಕ್ಕದಲ್ಲೇ ಸತ್ತರು.

ಕೋಟೆಯ ನಾಯಕ ಮದ್ದಿನವನನ್ನು ಸಭೆಗೆ ಕರೆಸಿದ.

"ಏನು ಮದ್ದಿನಣ್ಣಾ, ನಿನ್ನ ಮದ್ದು ಬೀಗರ ಊಟಕ್ಕೆ ಹೊರಟ ಅಜ್ಜಿಯ ಹಾಗಿದೆ. ಮನೆ ಬಿಟ್ಟಿದೆ, ಊರು ಮುಟ್ಟಿಲ್ಲ."

ಸಭೆ ನಕ್ಕಿತು. ಮದ್ದಿನವನೂ ನಕ್ಕ. ಆಮೇಲೆ ಹೇಳಿದ: "ಮದ್ದಿನ ತಪ್ಪಲ್ಲ ನಾಯಕರೇ. ನಮ್ಮ ಕೋವಿಯ ನಳಿಗೆ ಮೂರು ಮೊಳ. ಅವರದು ನಾಲ್ಕು ಮೊಳ. ನಳಿಗೆ ಉದ್ದವಿದ್ದರೆ ಮದ್ದಿನ ಉರಿ ಗುಂಡನ್ನು ಇನ್ನಷ್ಟು ದೂರ ಬೆನ್ನು ಹಿಡಿದು ತಳ್ಳುತ್ತದೆ. ನಮಗೂ ನಾಲ್ಕು ಮೊಳದ ನಳಿಗೆ ಬೇಕು."

"ನಳಿಗೆ ಬೆಳೆಯೋದಕ್ಕೆ ಅದೇನು ಸೋರೆಕಾಯಿಯೇ? ಇರುವ ಕೋವಿಯಲ್ಲಿ ಹೊಡೆಯುವ ಮಾತಾಡು."

ನಾಯಕ ಒಂದು ಹಿತ್ತಾಳೆ ತಟ್ಟೆ ತರಿಸಿದ. ಒಂದು ಕಡೆ ಒಂದು ಚಿಟಿಕೆ ನವಣೆಮದ್ದು, ಇನ್ನೊಂದು ಕಡೆ ಒಂದು ಚಿಟಿಕೆ ಗಸಗಸೆಮದ್ದು ಇಡಿಸಿದ. ಬತ್ತಿ ಮುಟ್ಟಿಸಿದರು. ನವಣೆಮದ್ದು ಬುಸುಗುಟ್ಟಿಕೊಂಡು ಉರಿಯಿತು. ಗಸಗಸೆಮದ್ದು ಭಗ್ ಎಂದಿತು, ಇಲ್ಲವಾಯಿತು.

"ನೋಡಿದಿರಾ," ಎಂದ ನಾಯಕ, "ಈ ಗಸಗಸೆ ಬಂಟ. ಆ ನವಣೆ ಬಂಟನ ಮುದಿ ಅಪ್ಪ."

ಮತ್ತೆ ಸಭೆ ನಕ್ಕಿತು. ಈ ಸಲ ಮದ್ದಿನವನು ನಗಲಿಲ್ಲ.

"ತಟ್ಟೆಗೆ ಗೋಡೆಯಿಲ್ಲ ನಾಯಕರೇ. ಅಲ್ಲಿ ಎಷ್ಟು ಬೇಗ ಉರಿದರೂ ಯಾರಿಗೂ ನೋವಿಲ್ಲ. ನಳಿಗೆಗೆ ಬುಡವಿದೆ, ಸುತ್ತಲೂ ಗೋಡೆಯಿದೆ, ಮುಂದೆ ಸೀಸದ ಗುಂಡು ಕೂತಿದೆ. ಗುಂಡು ಭಾರ. ಅದು ಕೂತಲ್ಲಿಂದ ಏಳುವುದಕ್ಕೆ ಒಂದಿಷ್ಟು ಹೊತ್ತು ಬೇಕು. ಕೆಸರಲ್ಲಿ ಹೂತ ಬಂಡಿಯನ್ನು ಎಬ್ಬಿಸಿದ ಹಾಗೆ. ಹೆಗಲು ಕೊಟ್ಟು ಜೊತೆಯಲ್ಲೇ ನಡೆಯುತ್ತಾ ತಳ್ಳಿದರೆ ಬಂಡಿ ಹೋಗುತ್ತದೆ. ಓಡಿಬಂದು ಒಂದೇ ಸಲ ಗುದ್ದಿದರೆ ಹೆಗಲು ಮುರಿಯುತ್ತದೆ, ಇಲ್ಲವೇ ಬಂಡಿಯ ಮರ ಮುರಿಯುತ್ತದೆ."

ಇಲ್ಲಿ ಮರುಳಯ್ಯ ತಡೆದು ಕೇಳಿದ: "ಅಂದರೆ ನಿಧಾನವೇ ಮೇಲು ಎಂದಾಯಿತೆ?"

"ಇಲ್ಲ," ಎಂದರು ಗುರುಗಳು. "ಗಿಡ್ಡ ಕೋವಿಗೆ ನವಣೆಮದ್ದು ಹಾಕಿದರೆ ಅದು ಉರಿದು ಮುಗಿಯುವಷ್ಟರಲ್ಲಿ ಗುಂಡು ಹೊರಗೆ ಹೋಗಿರುತ್ತದೆ. ಉಳಿದ ಬೆಂಕಿ ಕೋವಿಯ ಬಾಯಿಂದಾಚೆ ಗಾಳಿಯಲ್ಲಿ ಸುಟ್ಟುಹೋಗುತ್ತದೆ. ಅಲ್ಲಿ ಗಸಗಸೆಯೇ ಸರಿ. ಯಾವ ನಳಿಗೆ, ಯಾವ ಗುಂಡು ಎಂದು ನೋಡದೆ ಬೇಗ ನಿಧಾನ ಎನ್ನುವುದಕ್ಕೆ ಅರ್ಥವಿಲ್ಲ. ಕೇಳು."

ನಾಯಕ ಕೆಟ್ಟವನಲ್ಲ. ಆ ದಿನ ಬೆಳಿಗ್ಗೆ ಅವನು ಎರಡು ಸೂತಕದ ಮನೆಗಳಿಗೆ ಹೋಗಿ ಬಂದಿದ್ದ. "ಒಂದು ಸಲ ಹೊಡೆದು ನೋಡೋಣ" ಎಂದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಮದ್ದಿನವನು ಒಪ್ಪಿದ. ಉದ್ದ ಕೋವಿಗೆ ಎಂದಿನ ಅಳತೆ ಒಂದು ಮುಚ್ಚಳ ನವಣೆಮದ್ದು. ಗಸಗಸೆಯನ್ನು ಮುಕ್ಕಾಲು ಮುಚ್ಚಳ ಮಾತ್ರ ಹಾಕಬೇಕು ಎಂದ. ಎಲ್ಲರೂ ಕೊತ್ತಲದ ಮೇಲೆ ಹೋದರು. ಕಟ್ಟಳೆಯಂತೆ ತಮ್ಮ ಹೊಡೆದ. ಗುಂಡು ಎಂದಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನೀರಿಗೆ ಬಿತ್ತು. ಜನ ಕೇಕೆ ಹಾಕಿದರು.

ತಮ್ಮ ಕೋವಿಯನ್ನು ಇಳಿಸುವಾಗ ಅಣ್ಣ ನಳಿಗೆಯ ಬುಡಕ್ಕೆ ಅಂಗೈ ಇಟ್ಟು ನೋಡಿದ. ಆಮೇಲೆ ಕಿವಿಯನ್ನು ನೋಡಿದ. ಬತ್ತಿಯ ಬೆಂಕಿ ಒಳಗೆ ಹೋಗುವ ಸಣ್ಣ ತೂತಿಗೆ ಕಿವಿ ಎನ್ನುತ್ತಾರೆ. ಆ ತೂತಿನ ಅಂಚು ಹೊರಕ್ಕೆ ಉಬ್ಬಿತ್ತು. ಎಂದೂ ಹಾಗಾಗಿರಲಿಲ್ಲ.

ಸಭೆ ಮತ್ತೆ ಸೇರಿತು. ನಾಯಕನ ಮುಖದಲ್ಲಿ ಎಂಟು ದಿನದಲ್ಲಿ ಮೊದಲ ಸಲ ಗೆಲುವಿತ್ತು.

"ಮುಕ್ಕಾಲು ಮುಚ್ಚಳಕ್ಕೆ ಇಷ್ಟು ದೂರ ಹೋದರೆ ಒಂದೂವರೆಗೆ ಎಷ್ಟು ಹೋದೀತು?"

"ಒಂದೂವರೆಗೆ ಏರಿಯ ಮೇಲೆ ಕೂತವನ ಮೀಸೆ ಹಾರುತ್ತದೆ ನಾಯಕರೇ," ಎಂದ ತಮ್ಮ.

"ಲೆಕ್ಕ ಹಾಗೆ ಹೋಗುವುದಿಲ್ಲ," ಎಂದ ಅಣ್ಣ. "ಮದ್ದು ಎರಡರಷ್ಟು ಹಾಕಿದರೆ ಗುಂಡಿನ ವೇಗ ಎರಡರಷ್ಟಾಗುವುದಿಲ್ಲ. ಒಂದಿಷ್ಟು ಏರುತ್ತದೆ, ಅಷ್ಟೇ. ಆದರೆ ಬುಡದ ಮೇಲಿನ ಒತ್ತಡ ಎರಡರಷ್ಟಕ್ಕೆ ನಿಲ್ಲುವುದಿಲ್ಲ. ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಉರಿ ಜೋರಾಗುತ್ತದೆ. ಉರಿ ಜೋರಾದಷ್ಟೂ ಒತ್ತಡ ಏರುತ್ತದೆ. ಗುಂಡು ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇವತ್ತೇ ಕೋವಿಯ ಕಿವಿ ಉಬ್ಬಿದೆ, ಬೇಕಾದರೆ ನೋಡಿ."

"ಮತ್ತೆ ಏನು ಮಾಡಬೇಕು?"

"ಬುಡಕ್ಕೆ ಕಬ್ಬಿಣದ ಕಟ್ಟು ಹಾಕಿಸೋಣ. ದಿನಕ್ಕೆ ಒಂದು ಚಿಟಿಕೆ ಏರಿಸಿ ನೋಡೋಣ. ಏರಿಯವರೆಗೆ ಹೋಗದಿರಬಹುದು. ಹದಿನೈದು ದಿನ ಕೊಡಿ."

"ಹದಿನೈದು ದಿನ ಎಂದರೆ ಇನ್ನು ಇಪ್ಪತ್ತು ಹೆಣ," ಎಂದ ನಾಯಕ. "ನೀನು ಕಾಳು ಎಣಿಸುತ್ತಿರು. ನಾನು ಹೆಣ ಎಣಿಸುತ್ತೇನೆ."

ಮದ್ದಿನವನು ಕೈ ಹೊಸೆಯುತ್ತಾ ತಲೆ ತಗ್ಗಿಸಿ ನಿಂತ. ಆಗ ತಮ್ಮ ಎಲ್ಲರ ಕಡೆ ತಿರುಗಿ ನಗುತ್ತಾ ಹೇಳಿದ:

"ನಮ್ಮಣ್ಣ ಇಷ್ಟು ವರ್ಷ ಮದ್ದಿನ ಜೊತೆ ತನ್ನ ಹೆದರಿಕೆಯನ್ನೂ ಅರೆದು ಬೆರೆಸಿದ್ದಾನೆ. ಅದಕ್ಕೇ ನಮ್ಮ ಗುಂಡುಗಳು ನೀರು ಕುಡಿಯುತ್ತಿವೆ. ಅಪ್ಪ ಬದುಕಿದ್ದರೆ ನಾಯಕರ ಎದುರಿಗೆ ಹೀಗೆ ಕೈ ಹೊಸೆದುಕೊಂಡು ನಿಲ್ಲುತ್ತಿರಲಿಲ್ಲ."

ತಮ್ಮನ ಮಾತು ತಮಾಷೆಯದು. ಅವನು ಅಣ್ಣನನ್ನು ಹಾಗೆ ಎಷ್ಟೋ ಸಲ ಛೇಡಿಸಿದ್ದ. ಅಣ್ಣ ತಲೆ ಎತ್ತಿದ.

"ಅಪ್ಪನ ಹೆಸರು ನೀನು ಎತ್ತಬೇಡ."

"ಯಾಕೆ? ನಿನಗೊಬ್ಬನಿಗೇ ಅಪ್ಪನೇ ಅವನು?"

"ಅವನನ್ನು ಸುಟ್ಟವನು ನೀನು. ಸಿಡಿಲು ಬಡಿದು ಕಣ ಉರಿಯಿತು ಎಂದು ನಿನಗೆ ಹೇಳಿದೆವು. ಸಿಡಿಲೂ ಇಲ್ಲ, ಗುಡುಗೂ ಇಲ್ಲ. ನಿನಗಾಗ ಆರು ವರ್ಷ. ನೀನು ಹೊಸ ಕೆರ ಹೊಲಿಸಿಕೊಂಡಿದ್ದೆ. ಮೊಳೆ ಹೊಡೆದ ಕೆರ. ಅಪ್ಪನಿಗೆ ತೋರಿಸಬೇಕು ಎಂದು ಅದನ್ನು ಮೆಟ್ಟಿಕೊಂಡೇ ಕಣಕ್ಕೆ ನುಗ್ಗಿದೆ. ಮೊಳೆ ಕಲ್ಲಿಗೆ ತಾಗಿತು. ಅಪ್ಪ ನಿನ್ನನ್ನು ಆಚೆ ನೂಕಿದ, ತಾನು ಒಳಗೆ ಉಳಿದ. ಬೂದಿಯಲ್ಲಿ ನಿನ್ನ ಕಳಚಿಬಿದ್ದ ಕೆರದ ಮೊಳೆಗಳನ್ನು ಆರಿಸಿದವನು ನಾನು. ಅಪ್ಪ ನಾಲ್ಕು ದಿನ ನರಳಿದ. 'ತಮ್ಮನಿಗೆ ಏನೂ ಹೇಳಬೇಡ' ಎಂದ. ಅವ್ವ ಅದನ್ನು ನುಂಗಿಕೊಂಡೇ ಸತ್ತಳು. ಇಪ್ಪತ್ತು ವರ್ಷದಿಂದ ನಾನು ನುಂಗಿಕೊಂಡಿದ್ದೇನೆ. ನನಗೆ ಹೆದರಿಕೆ ಎನ್ನುತ್ತೀಯ? ನಿನ್ನಂಥವನ ಕೈಗೆ ಮದ್ದು ಕೊಡುತ್ತೇನಲ್ಲ, ಹೆದರಿಕೆಯಾಗದೆ ಇನ್ನೇನು? ನಾಳೆ ಮುಕ್ಕಾಲಿಗಿಂತ ಒಂದು ಕಾಳು ಹೆಚ್ಚು ಹಾಕಬೇಡ. ಒಬ್ಬನನ್ನು ಕೊಂದಿದ್ದು ಸಾಕು."

ಅದನ್ನು ಹೇಳಿ ಮುಗಿಸುವುದಕ್ಕೆ ಅವನಿಗೆ ಎಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಸಭೆಯಲ್ಲಿ ನೂರು ಜನರಿದ್ದರು. ಬಾಗಿಲಿನವರೆಗೂ ಜನ. ತಮ್ಮ ನಡುವೆ ನಿಂತಿದ್ದ. ಅವನ ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು. ಅದನ್ನು ಹೇಗೆ ತೆಗೆಯುವುದೆಂದು ಅವನಿಗೆ ತಿಳಿಯಲಿಲ್ಲ. ಎಲ್ಲರೂ ಅವನನ್ನು ನೋಡುತ್ತಿದ್ದರು. ಕಡೆಗೆ ನಾಯಕನೇ, "ನಾಳೆ ಬೆಳಿಗ್ಗೆ ಕೊತ್ತಲದ ಮೇಲೆ ಸೇರೋಣ, ಒಂದೂವರೆ ಮುಚ್ಚಳ" ಎಂದು ಹೇಳಿ ಎದ್ದ. ದೊಡ್ಡ ದನಿಯಲ್ಲಿ ಹೇಳಲಿಲ್ಲ.

ಬೆಳಿಗ್ಗೆ ಎಲ್ಲರೂ ಸೇರಿದರು. ಹಿಂದಿನ ದಿನದಷ್ಟು ಜನ ಬಂದಿರಲಿಲ್ಲ. ತಮ್ಮ ಕೋವಿ ಹಿಡಿದು ಬಂದ. ಅಣ್ಣ ಹಿಂದೆ ಹತ್ತು ಹೆಜ್ಜೆಯಲ್ಲಿ ನಿಂತ.

ತಮ್ಮ ಕೊಂಬಿನ ಮುಚ್ಚಳ ತೆರೆದ. ಇನ್ನು ಯಾರೂ ಮಾತಾಡುವಂತಿಲ್ಲ. ಒಂದು ಮುಚ್ಚಳ ಗಸಗಸೆಮದ್ದು ತುಂಬಿ ನಳಿಗೆಗೆ ಸುರಿದ. ಅಣ್ಣ ಹೇಳಿದ ಮುಕ್ಕಾಲು ದಾಟಿತು. ಮತ್ತೆ ಮುಚ್ಚಳ ತುಂಬಿದ. ನಾಯಕ ಹೇಳಿದ್ದು ಒಂದೂವರೆ. ಅರ್ಧ ಸುರಿದು ಕೈ ನಿಲ್ಲಿಸುತ್ತಾನೆ ಎಂದು ಎಲ್ಲರೂ ನೋಡುತ್ತಿದ್ದರು. ಅವನು ನಿಲ್ಲಿಸಲಿಲ್ಲ. ಎರಡನೆಯದನ್ನೂ ಪೂರ್ತಿ ಸುರಿದ. ಮುಚ್ಚಳವನ್ನು ನಳಿಗೆಯ ಬಾಯಿಗೆ ತಟ್ಟಿ ಕಡೆಯ ಕಾಳನ್ನೂ ಉದುರಿಸಿದ.

ಅಷ್ಟನ್ನು ಯಾರೂ ಕೇಳಿರಲಿಲ್ಲ.

ಅವನು ಗುಂಡು ಇಳಿಬಿಟ್ಟ. ಕೋಲಿನಿಂದ ತಳ್ಳಿ ಕೂರಿಸಿದ. ಆಮೇಲೆ ತಿರುಗಿ ಅಣ್ಣನನ್ನು ನೋಡಿದ. ಅಣ್ಣ ಬಾಯಿ ತೆರೆದ. ಮಾತಾಡಬಾರದು ಎಂಬ ಕಟ್ಟಳೆ ಅವನ ಅಜ್ಜನ ಕಾಲದ್ದು. ಅದನ್ನು ಆ ಮನೆಯವರು ಯಾರೂ ಮುರಿದಿರಲಿಲ್ಲ. ಅವನೂ ಮುರಿಯಲಿಲ್ಲ. ತಮ್ಮ ಕೋವಿಗೆ ಕೆನ್ನೆ ಕೊಟ್ಟ.

ನಳಿಗೆ ಬುಡದಲ್ಲಿ ಸೀಳಿತು. ತಮ್ಮ ಬಿದ್ದಲ್ಲೇ ಸತ್ತ. ಅವನ ಮುಖವನ್ನು ಹೆಂಗಸರಿಗೆ ತೋರಿಸದೆ ಹೂಳಿದರು.

ಸಂಜೆ ಅಣ್ಣ ಕೊತ್ತಲದ ಮೇಲೆ ಹೋಗಿ ಕೋವಿಯ ಚೂರುಗಳನ್ನು ಆರಿಸಿದ. ಸೀಳಿದ ನಳಿಗೆಯೊಳಗೆ ಗುಂಡು ಸಿಕ್ಕಿತು. ಕೂರಿಸಿದ ಜಾಗದಿಂದ ಅದು ಎರಡು ಬೆರಳಿನಷ್ಟೂ ಮುಂದೆ ಹೋಗಿರಲಿಲ್ಲ. ಅಷ್ಟು ಮದ್ದು ಉರಿದು, ಕಬ್ಬಿಣ ಹರಿದು, ಒಬ್ಬ ಮನುಷ್ಯ ಸತ್ತು, ಎಲ್ಲ ಆದ ಮೇಲೂ ಗುಂಡು ಹೆಚ್ಚುಕಡಿಮೆ ಅಲ್ಲೇ ಇತ್ತು.

ನಾಯಕ ಮಾರನೆಯ ದಿನ "ನವಣೆಯನ್ನೇ ಹಾಕಿ" ಎಂದ. ಗುಂಡುಗಳು ಮೊದಲಿನ ಹಾಗೆ ನೀರಿಗೆ ಬಿದ್ದವು. ಹೆಂಗಸರು ಮೊದಲಿನ ಹಾಗೆ ನೀರಿಗೆ ಇಳಿದರು. ಎರಡು ತಿಂಗಳ ಮೇಲೆ ಕೋಟೆ ಬಿತ್ತು.

ಗುರುಗಳು ನಿಲ್ಲಿಸಿದರು. ಕತೆ ಮುಗಿಯಿತು ಎಂದು ಮರುಳಯ್ಯ ತಿಳಿದ.

"ಅಂದರೆ ಅವನು ಆ ಮಾತನ್ನು ಸಾಯುವವರೆಗೂ ನುಂಗಿಕೊಂಡಿರಬೇಕಿತ್ತೆ?" ಎಂದು ಕೇಳಿದ. "ತಮ್ಮನಿಗೆ ತಿಳಿಯಲೇಬಾರದಿತ್ತೆ? ಅದು ಮೋಸವಲ್ಲವೆ?"

"ನನ್ನ ಗುರುಗಳೂ ಆ ಮದ್ದಿನಣ್ಣನನ್ನು ಹಾಗೇ ಕೇಳಿದರು," ಎಂದರು ಗುರುಗಳು. "ಕೋಟೆ ಬಿದ್ದ ಮೇಲೆ ಅವನು ಊರೂರು ಅಲೆದು ಈ ಮಠಕ್ಕೆ ಬಂದ. ಆಗ ನಾನು ನಿನಗಿಂತ ಚಿಕ್ಕವನು. ಹನ್ನೆರಡು ವರ್ಷ ಅವನು ಇಲ್ಲಿ ನೀರು ಸೇದಿದ. ಈ ಕತೆಯನ್ನು ಒಂದೇ ಸಲ ಹೇಳಿದ. ನನ್ನ ಗುರುಗಳು ಕೇಳಿದ್ದಕ್ಕೆ ಅವನು ಏನೆಂದ ಗೊತ್ತೆ? 'ಹೇಳಬೇಕಿತ್ತು ಸ್ವಾಮಿ. ಅಪ್ಪ ಬೇಡವೆಂದರೂ ಹೇಳಬೇಕಿತ್ತು. ಇಪ್ಪತ್ತು ವರ್ಷ ಅವನು ನನ್ನ ಪಕ್ಕದಲ್ಲಿ ಕೂತು ಉಂಡ. ಒಂದು ವರ್ಷ ಆ ಕೆರದ ಮಾತು ಎತ್ತಬಹುದಿತ್ತು. ಅವನು ಅದನ್ನು ಎಷ್ಟು ತಡೆದುಕೊಳ್ಳುತ್ತಾನೆ ನೋಡಿ, ಮುಂದಿನದನ್ನು ಹೇಳಬಹುದಿತ್ತು. ಅಪ್ಪ ನಿನ್ನನ್ನು ನೂಕಿದ್ದು ನೀನು ಬದುಕಲಿ ಎಂದು, ಅದನ್ನೂ ಹೇಳಬಹುದಿತ್ತು. ಅವನು ಅಳುತ್ತಿದ್ದ. ನಾನು ಜೊತೆಗಿರುತ್ತಿದ್ದೆ. ನನ್ನ ಕಸುಬೇ ಅದು ಸ್ವಾಮಿ. ಎಷ್ಟು ದಪ್ಪದ ಕಾಳು ಎಷ್ಟು ಹೊತ್ತು ಉರಿಯುತ್ತದೆ ಎಂದು ನನ್ನಷ್ಟು ತಿಳಿದವನು ಆ ಸೀಮೆಯಲ್ಲಿ ಇರಲಿಲ್ಲ.' ಹಾಗೆಂದ."

"ಮತ್ತೆ ಸಭೆಯಲ್ಲಿ ಯಾಕೆ ಹೇಳಿದ?"

"ಅದನ್ನೂ ಕೇಳಿದರು. 'ಸಭೆಯಲ್ಲಿ ಅವನಿಗೆ ಎದ್ದು ಹೋಗಲು ದಾರಿಯಿರಲಿಲ್ಲ. ಅದು ನನಗೆ ಗೊತ್ತಿತ್ತು' ಎಂದ. ಇನ್ನೊಂದು ಮಾತು ಹೇಳಿದ. ಕೊಡ ಕೈಯಲ್ಲೇ ಇತ್ತು. 'ಆ ರಾತ್ರಿ ಅವನು ಮಲಗಲಿಲ್ಲ ಸ್ವಾಮಿ. ಪಕ್ಕದ ಕೋಣೆಯಲ್ಲಿ ಓಡಾಡುವ ಸಪ್ಪಳ ಒಂದಿಷ್ಟು ಹೊತ್ತು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ನನಗೆ ನಿದ್ದೆ ಹತ್ತಿತ್ತು. ಇಪ್ಪತ್ತು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಮಲಗಿರಲಿಲ್ಲ.'"

ಮರುಳಯ್ಯ ನೆಲ ನೋಡಿದ. ಆಮೇಲೆ ಹೇಳಿದ: "ಅವನದು ಹಳೆಯ ಕೋಪ. ನನಗೆ ಬನಪ್ಪನ ಮೇಲೆ ಯಾವ ಕೋಪವೂ ಇರಲಿಲ್ಲ. ಅವನು ಕೇಳಿದ, ನಾನು ಹೇಳಿದೆ. ಎದ್ದು ಬಂದೆ."

ಗುರುಗಳು ಕೇಳಿದರು: "ಎದ್ದು ಬಂದ ರಾತ್ರಿ ನಿನಗೆ ನಿದ್ದೆ ಹೇಗೆ ಬಂತು, ಮರುಳಯ್ಯ?"